ಆರನೇ ಹಾಡಿನ ಎರಡನೇ ಟೇಕ್

ಶಹಾಬಾದ
12 ಫೆಬ್ರುವರಿ 2024

ಗುರುಲಿಂಗಮ್ಮ ಅಕ್ಕೋರಿಗೆ, ಅಮೃತಪ್ಪನ ಶರಣು.

ಐದನೇ ಹಾಡು ಮುಗಿದಿದೆ. ನಿನ್ನೆ ವಾಡಿಯಲ್ಲಿ ಅಬ್ದುಲ್ ಮಜೀದ ಸಾಹೇಬರು ಎರಡು ಸಲ ಕೇಳಿ ಹಾಗೆ ಹೇಳಿದರು. ಮೂವತ್ತು ವರ್ಷದಿಂದ ಸ್ಟೇಶನ್ ಹತ್ತಿರ ಮೈಕ್‌ಸೆಟ್ ಅಂಗಡಿ ನಡೆಸುವ ಅವರು ಸುಮ್ಮನೆ ಹೊಗಳುವ ಮನುಷ್ಯರಲ್ಲ. ಅಂಗಡಿಯ ಹಿಂದಿನ ಕೋಣೆಯ ಕಂಪ್ಯೂಟರಿನಲ್ಲಿ ನನ್ನ ರ‍್ಯಾಪನ್ನೂ ನಿಮ್ಮ ದನಿಯನ್ನೂ ಕೂಡಿಸುವವರು ಅವರೇ ಆದ್ದರಿಂದ ಅವರ ಮಾತಿಗೆ ಬೆಲೆ ಇದೆ.

"ಅರೆ ಅಮೃತ್, ಈ ಅಕ್ಕ ಯಾರಪಾ? ಎಲ್ಲಿ ಹುಡುಕಿದಿ?" ಎಂದು ಕೇಳಿದರು. ಹೋದ ಸೆಪ್ಟೆಂಬರಿನಲ್ಲಿ ಚಿತ್ತಾಪುರ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ಕಂಡಕ್ಟರ್ ತನ್ನ ಫೋನಿನಲ್ಲಿ ಭಜನೆ ಹಾಕಿಕೊಂಡಿದ್ದ, ಇಬ್ಬರು ಹೆಂಗಸರು, ಒಬ್ಬರು ಬಿಟ್ಟ ಕೊನೆಯನ್ನು ಇನ್ನೊಬ್ಬರು ಹಿಡಿಯುತ್ತಿದ್ದರು. ಯಾರೆಂದು ಕೇಳಿದರೆ, "ಐನಾಪುರ ಪೋಸ್ಟಿನಾಕಿ, ಮತ್ತ ಆಕಿ ಬಾಜೂ ಮನಿ ಭೀಮಬಾಯಿ" ಎಂದ. ನಂಬರ್ ಇರಲಿಲ್ಲ. ಪೋಸ್ಟಿನವರಿಗೆ ಪೋಸ್ಟಿನಲ್ಲೇ ಬರೆದೆ. ಇದನ್ನೆಲ್ಲ ಹೇಳಿದಾಗ ಮಜೀದ ಸಾಹೇಬರು, "ಈ ಜಮಾನಾದಾಗ ಕಾಗದ ಬರದು ರ‍್ಯಾಪ್ ಮಾಡೋ ಮಂದಿ ನೀವಿಬ್ರೇ ನೋಡು. ಫೋನ್ ಯಾಕ ಬ್ಯಾಡ ಅಂದಾಳ ಆಕಿ?" ಎಂದರು. ನನಗೆ ಗೊತ್ತಿಲ್ಲ ಎಂದೆ.

ಸೋಲ್ ಅಂದರೆ ಏನು ಎಂದು ಭೀಮಬಾಯಿ ಅತ್ತಿ ಕೇಳಿದ್ದಾಗಿ ಬರೆದಿದ್ದಿರಿ. ಅಮೆರಿಕದ ಕಪ್ಪು ಜನರು ಚರ್ಚಿನಲ್ಲಿ ಹಾಡುತ್ತಿದ್ದ ರೀತಿ ಹೊರಗೆ ಬಂದು ಪ್ರೀತಿಯನ್ನೂ ಕಷ್ಟವನ್ನೂ ಹಾಡತೊಡಗಿತು, ಅದು ಸೋಲ್. ಒಬ್ಬರು ಕರೆಯುತ್ತಾರೆ, ಉಳಿದವರು ಓಗೊಡುತ್ತಾರೆ. ಪದ ಮುಗಿದ ಮೇಲೂ ದನಿ ಮುಗಿಯುವುದಿಲ್ಲ. ನೀವಿಬ್ಬರೂ ಮಾಡುತ್ತಿರುವುದು ಅದನ್ನೇ ಎಂದು ಅವರಿಗೆ ಹೇಳಿ.

ಎಂಟು ಹಾಡಿನ ಆಲ್ಬಮ್ಮಿನಲ್ಲಿ ಇನ್ನು ಮೂರು ಉಳಿದಿವೆ. ಆರನೆಯದರಲ್ಲಿ ನನ್ನ ಸಾಲುಗಳು ಹೀಗಿವೆ:

ನಾ ಕೊಯ್ದ ಫರ್ಶಿಕಲ್ಲ ನಿನ್ನ ಮನಿ ಅಂಗಳ
ಅದರ ಮ್ಯಾಲ ಕೇಳಿಲ್ಲ ನನ್ನ ಹೆಜ್ಜಿ ಸಪ್ಪಳ
ಧೂಳ ತಿಂದ ಬಾಯಿಗಿ ಪದ ಬಂತು ತಡವಾಗಿ
ಕರೀತೀನಿ, ಓ ಅನ್ನೋರು ಯಾರದಾರ ಈ ಕಡಿಗಿ

ಇದರ ನಂತರ ನಲವತ್ತೈದು ಸೆಕೆಂಡು ಖಾಲಿ ಬಿಟ್ಟಿದ್ದೇನೆ. ಅಲ್ಲಿ ಪದ ಬೇಡ, ಅಥವಾ ಕಡಿಮೆ ಇರಲಿ. ದನಿ ಬೇಕು. ನವೆಂಬರಿನಲ್ಲಿ ಕಳಿಸಿದ ಸಿಮ್ ಇಲ್ಲದ ಹಳೆಯ ಫೋನಿನಲ್ಲೇ ರೆಕಾರ್ಡ್ ಮಾಡಿ. ಈ ಪತ್ರದ ಜೊತೆಗಿಟ್ಟ ಮೆಮೊರಿ ಕಾರ್ಡಿನಲ್ಲಿ ನನ್ನ ಹಾಡೂ ತಾಳವೂ ಇವೆ, ನಿಮಿಷಕ್ಕೆ ಎಂಬತ್ತನಾಲ್ಕು ತಟ್ಟು. ಒಂದು ಕಿವಿಯಲ್ಲಿ ತಾಳ ಇಟ್ಟುಕೊಳ್ಳಿ. ನಿಮ್ಮದು ಒಂದು ಫೈಲು, ಅತ್ತಿಯ ಎರಡನೇ ದನಿ ಬೇರೆ ಫೈಲು. ಎಂದಿನಂತೆ ಪ್ರತಿ ಟೇಕಿನ ದಿನಾಂಕ, ಉದ್ದ, ನಡುವೆ ಏನಾಯಿತು ಎಂಬುದನ್ನು ಚೀಟಿಯಲ್ಲಿ ಬರೆಯಿರಿ. ಮತ್ತು ಇನ್ನೂ ಸ್ವಲ್ಪ ಜೋರಾಗಿ ಹಾಡಿ.

ಅಮೃತಪ್ಪ


ಐನಾಪುರ
21 ಫೆಬ್ರುವರಿ 2024

ಅಮೃತಪ್ಪನವರಿಗೆ, ಶರಣು.

ನಿಮ್ಮ ಪತ್ರ 16ರಂದು ಬಂತು. ಆ ದಿನದ ಚೀಲದಲ್ಲಿ ಬ್ಯಾಂಕಿನ ನೋಟಿಸು ನಾಲ್ಕು, ಪಿಂಚಣಿಯ ಕಾಗದ ಎರಡು ಇದ್ದವು. ಕೈಯಿಂದ ಬರೆದ ವಿಳಾಸ ನಿಮ್ಮದೊಂದೇ. ನನ್ನ ಹೆಸರಿಗೆ ಬಂದದ್ದಕ್ಕೂ ನಾನೇ ಮುದ್ರೆ ಹೊಡೆಯಬೇಕು. ಹೊಡೆದೆ.

ಫೋನ್ ಯಾಕೆ ಬೇಡ ಎಂದರೆ, ನನ್ನ ಮನೆಯ ಹತ್ತಿರ ಸಿಗ್ನಲ್ ಬೇಕಾದರೆ ನೀರಿನ ಟ್ಯಾಂಕಿನ ಕಟ್ಟೆಯ ಮೇಲೆ ನಿಲ್ಲಬೇಕು. ಗಂಡನ ಮನೆ ಬಿಟ್ಟು ಬಂದ ಹೆಂಗಸು ಕಟ್ಟೆಯ ಮೇಲೆ ನಿಂತು ಶಹಾಬಾದಿನ ಹುಡುಗನೊಡನೆ ಮಾತನಾಡಿದರೆ ಕೇಳಲು ಜನ ಬೇಕಾದಷ್ಟು ಇದ್ದಾರೆ. ಮಜೀದ ಸಾಹೇಬರಿಗೆ ಇಷ್ಟು ಸಾಕು.

ನಿಮ್ಮ ಆರನೇ ಹಾಡನ್ನು ನಾನೂ ಭೀಮಬಾಯಿಯೂ ಒಂದೊಂದು ಕಿವಿಗೆ ತಂತಿ ಇಟ್ಟುಕೊಂಡು ಕೇಳಿದೆವು. ನಮ್ಮಿಬ್ಬರ ಮನೆಗೆ ನಡುವಿನ ಗೋಡೆ ಒಂದೇ. ಸಂಜೆ ಆರಕ್ಕೆ ಅವಳು ಚಾಕ್ಕೆ ಬರುತ್ತಾಳೆ, ಊಟ ಮುಗಿಸಿ ನನ್ನಲ್ಲೇ ಮಲಗುತ್ತಾಳೆ. ಅವಳ ಅಭಿಪ್ರಾಯ ಹೇಳಿದಂತೆ ಬರೆಯುತ್ತೇನೆ:

"ಈ ಹುಡುಗ ಹಾಡಾಕತ್ತಾನೋ ಜಗಳಾಡಾಕತ್ತಾನೋ? ನಡಕ ಉಸಿರು ತಗೋ ಅಂತ ಬರಿ ಅವಗ. ಸತ್ತಗಿತ್ತ ಹೋದಾನು."

ತಾಳ ಕೇಳಿ, "ಇದೇನವಾ ಟಿಕ್ ಟಿಕ್? ಗಡಿಯಾರ ನುಂಗ್ಯಾನೇನು?" ಎಂದಳು.

ಇನ್ನೂ ಜೋರಾಗಿ ಎಂದು ನೀವು ಪ್ರತಿ ಪತ್ರದಲ್ಲೂ ಬರೆಯುತ್ತೀರಿ. ನಮ್ಮ ದನಿ ನಿಮಗೆ ಸಾಲುತ್ತಿಲ್ಲವೇನೋ ಎಂದು ಅವಳಿಗೆ ಹೇಳಿದೆ. "ನಮ್ಮ ದನಿ ಮೂರು ಓಣಿಗಿ ಕೇಳಸ್ತದ. ಅವನೇ ಕಿವುಡ ಇರಬೇಕು ತಗೋ" ಎಂದಳು. ಬೇಸರ ಮಾಡಿಕೊಳ್ಳಬೇಡಿ, ಅವಳು ಎಲ್ಲರಿಗೂ ಹೀಗೇ.

ಅವಳಿಗೆ ಹದಿನೈದು ದಿನದಿಂದ ಕೆಮ್ಮು ಇದೆ. ಮೂರು ಟೇಕಿನಲ್ಲೂ ಕೆಮ್ಮು ಬಂದಿದೆ. ಚಿಂಚೋಳಿಯ ದವಾಖಾನೆಗೆ ಹೋಗೋಣ ಎಂದರೆ ಬರುವುದಿಲ್ಲ. ಸ್ವಲ್ಪ ಸಮಯ ಕೊಡಿ.

ಪದವಿಲ್ಲದ ದನಿ ಕೇಳಿದ್ದೀರಿ. ನಮ್ಮಲ್ಲಿ ಹೆಂಗಸರು ಹಾಗೆ ದನಿ ಎತ್ತುವುದು ಒಂದೇ ಕಡೆ. ಅದು ಹಾಡುವ ಹಾಡಲ್ಲ. ಬೇರೆ ಏನಾದರೂ ನೋಡುತ್ತೇನೆ.

ಗುರುಲಿಂಗಮ್ಮ


ಶಹಾಬಾದ
4 ಮಾರ್ಚ್ 2024

ಗುರುಲಿಂಗಮ್ಮ ಅಕ್ಕೋರಿಗೆ, ಶರಣು.

ಕಳೆದ ಬುಧವಾರದಿಂದ ನನ್ನನ್ನು ಕಲ್ಲು ಕೊಯ್ಯುವ ಮೆಷಿನ್ನಿನಿಂದ ತೆಗೆದು ಗೇಟಿಗೆ ಹಾಕಿದ್ದಾರೆ. ಲಾರಿಯ ನಂಬರು ಬರೆಯುವ ಕೆಲಸ. ಇದರಲ್ಲಿ ಹೇಳುವಂಥದ್ದು ಹೆಚ್ಚೇನೂ ಇಲ್ಲ.

ಅತ್ತಿಯ ಮಾತು ಓದಿ ನಕ್ಕೆ. ಉಸಿರು ತೆಗೆದುಕೊಳ್ಳಲು ಎರಡನೇ ಸಾಲಿನಲ್ಲಿ ಜಾಗ ಮಾಡಿದ್ದೇನೆ ಎಂದು ಹೇಳಿ.

ನಾನು ಹಾಡುವ ಜಾಗವನ್ನು ನೀವು ನೋಡಿಲ್ಲ. ಮುಚ್ಚಿಹೋದ ಕಾರ್ಖಾನೆಯ ಹಳೆಯ ಕ್ವಾರ್ಟರ್ಸಿನಲ್ಲಿ ಒಂದು ಕೋಣೆ. ನಮ್ಮ ಸಾಲಿನಲ್ಲಿ ಇಪ್ಪತ್ತೆರಡು ಮನೆ, ದೀಪ ಹತ್ತುವುದು ಮೂರರಲ್ಲಿ. ಗೋಡೆಗೆ ಅವ್ವ ಹೊಲಿದ ಕೌದಿಗಳನ್ನು ಮೊಳೆ ಹೊಡೆದು ನೇತು ಹಾಕಿದ್ದೇನೆ, ಸದ್ದು ತಿರುಗಿ ಬರಬಾರದೆಂದು. ಅವ್ವ ಹೋಗಿ ಆರು ವರ್ಷವಾಯಿತು. ರೈಲು ಬರುವ ಹೊತ್ತು ಕಾಗದದಲ್ಲಿ ಬರೆದು ಅಂಟಿಸಿದ್ದೇನೆ. ಎರಡು ರೈಲಿನ ನಡುವೆ ಹಾಡುತ್ತೇನೆ. ಹಾಡು ನಿಲ್ಲಿಸಿದ ಮೇಲೆ ಆ ಕೋಣೆಯಲ್ಲಿ ಏನೂ ಕೇಳುವುದಿಲ್ಲ. ಆಗ ನಿಮ್ಮ ಫೈಲುಗಳನ್ನು ಹಾಕಿಕೊಳ್ಳುತ್ತೇನೆ.

ಮದುವೆಯ ಸೀಸನ್ ಶುರುವಾಗಿ ಮಜೀದ ಸಾಹೇಬರು ಕೈಗೆ ಸಿಗುತ್ತಿಲ್ಲ. ಆದರೂ ಜೂನ್ 30ಕ್ಕೆ ಆಲ್ಬಮ್ ಆನ್‌ಲೈನ್‌ಗೆ ಹೋಗಬೇಕು, ತಪ್ಪಿಸಬಾರದು ಎಂದಿದ್ದಾರೆ. ಆರನೆಯದು ನಿಂತರೆ ಏಳು, ಎಂಟು ಎರಡೂ ನಿಲ್ಲುತ್ತವೆ. ಯಾರೂ ಕೇಳುತ್ತಿಲ್ಲ ಎಂದುಕೊಂಡು ಹಾಡಿ. ಯಾರೂ ಕೇಳದಿದ್ದಾಗ ಬರುವ ದನಿಯೇ ನನಗೆ ಬೇಕು.

ಅಮೃತಪ್ಪ


ಐನಾಪುರ
18 ಮಾರ್ಚ್ 2024

ಅಮೃತಪ್ಪನವರಿಗೆ,

ಗೇಟಿನ ಕೆಲಸ ಸಿಕ್ಕಿದ್ದು ಒಳ್ಳೆಯದಾಯಿತು. ಕೂತು ಮಾಡುವ ಕೆಲಸ.

ಕಾರ್ಡು ಇಟ್ಟಿದ್ದೇನೆ. ಫೈಲು ಒಂದೇ. ದಿನಾಂಕ 14 ಮಾರ್ಚ್, ಬೆಳಿಗ್ಗೆ. ಉದ್ದ ಏಳು ನಿಮಿಷ ಹನ್ನೆರಡು ಸೆಕೆಂಡು. ತಾಳ ಇಟ್ಟುಕೊಂಡಿರಲಿಲ್ಲ. ಎರಡನೇ ದನಿಯ ಫೈಲು ಈ ಸಲ ಕಳಿಸಿಲ್ಲ.

ಪೂರ್ತಿ ಕೇಳಿ. ಕೇಳಿದ ಮೇಲೆ ಬರೆಯಿರಿ.

ಗುರುಲಿಂಗಮ್ಮ


ಶಹಾಬಾದ
26 ಮಾರ್ಚ್ 2024

ಗುರುಲಿಂಗಮ್ಮ ಅಕ್ಕೋರಿಗೆ, ಶರಣು.

ಆರನೇ ಹಾಡು ಸಿಕ್ಕಿತು. ಇದನ್ನು ನಾನೇ ಹೇಳುತ್ತಿದ್ದೇನೆ, ಮಜೀದ ಸಾಹೇಬರು ಇನ್ನೂ ಕೇಳಿಲ್ಲ. ಹೆಡ್‌ಫೋನಿನಲ್ಲಿ ಮೊದಲ ಎರಡು ನಿಮಿಷ ಕೇಳಿ ಎದ್ದು ನಿಂತುಬಿಟ್ಟೆ. ಇಷ್ಟು ದಿನ ಸೋಲ್ ಎಂದು ನಾನು ಹೇಳುತ್ತಿದ್ದದ್ದು ಇದೇ.

ಪದಗಳೂ ಚೆನ್ನಾಗಿವೆ. "ಬಾಚಣಿಕಿ ಗ್ವಾಡಿ ಮಾಡದಾಗ ಅದ ಜೋಡೀ, ಕೆಂಪು ಕೌದಿ ಹಗ್ಗದ ಮ್ಯಾಲದ ಜೋಡೀ, ಎರಡು ಬಸಿ ಚಾ ಹಾಕೀನಿ ಜೋಡೀ" ಎನ್ನುವ ಕಡೆ ಬಿಟ್ಟು ಹೋದ ಗೆಣೆಯನನ್ನು ಕರೆದಂತೆ ಇದೆ. ಹಳೆಯ ಹಾಡೋ ನೀವೇ ಕಟ್ಟಿದ್ದೋ, ಬರೆಯಿರಿ. ಹೆಸರು ಹಾಕಬೇಕು.

ಆದರೆ ಹೀಗೇ ಬಳಸಲು ಬರುವುದಿಲ್ಲ. ಎರಡನೇ ಟೇಕ್ ಬೇಕು. ತಿದ್ದಬೇಕಾದದ್ದು ಇಷ್ಟು. ತಾಳಕ್ಕೆ ಹಾಡಿ, ಎಂಬತ್ತನಾಲ್ಕಕ್ಕೆ. ಏಳು ನಿಮಿಷ ಬೇಡ, ನಲವತ್ತೈದು ಸೆಕೆಂಡು ಸಾಕು. ಮೂರನೇ ನಿಮಿಷದಲ್ಲಿ ದನಿ ಒಡೆಯುತ್ತದೆ. ಅಲ್ಲಿ ನೀರು ಕುಡಿದು ಮತ್ತೆ ಶುರು ಮಾಡಿ. ಹಿಂದೆ ಗುಂಯ್ ಎನ್ನುವ ಸದ್ದಿದೆ, ಫ್ಯಾನ್ ಇರಬೇಕು, ಬಂದ್ ಮಾಡಿ. ಜೋರು ಈ ಸಲ ಸರಿಯಾಗಿದೆ.

ಭೀಮಬಾಯಿ ಅತ್ತಿಗೆ ಕೆಮ್ಮು ಕಡಿಮೆಯಾದ ಮೇಲೆ ಎರಡನೇ ದನಿ ಕಳಿಸಿ. ನಾನು ಉಸಿರು ತೆಗೆದುಕೊಳ್ಳುತ್ತಿದ್ದೇನೆ ಎಂದು ಹೇಳಿ.

ಅಮೃತಪ್ಪ


ಶಹಾಬಾದ
15 ಏಪ್ರಿಲ್ 2024

ಗುರುಲಿಂಗಮ್ಮ ಅಕ್ಕೋರಿಗೆ, ಶರಣು.

ಮಾರ್ಚ್ 26ರ ಪತ್ರಕ್ಕೆ ಉತ್ತರ ಬಂದಿಲ್ಲ. ರಿಜಿಸ್ಟರ್ ಮಾಡಿದ್ದೆ, ತಲುಪಿದೆ ಎಂದು ಇಲ್ಲಿನ ಕೌಂಟರಿನವರು ನೋಡಿ ಹೇಳಿದರು. ಸಹಿ ನಿಮ್ಮದೇ ಇರಬೇಕು.

ಏಳನೇ ಹಾಡಿನ ನನ್ನ ಭಾಗ ಮುಗಿದಿದೆ. ಆರನೆಯದರಲ್ಲಿ ನಲವತ್ತೈದು ಸೆಕೆಂಡು ಹಾಗೇ ಖಾಲಿ ಇದೆ.

ಅಮೃತಪ್ಪ


ಶಹಾಬಾದ
2 ಮೇ 2024

ಗುರುಲಿಂಗಮ್ಮ ಅವರಿಗೆ,

ಐದು ವಾರ ಆಯಿತು. ಹಾಡಲು ಮನಸ್ಸಿಲ್ಲದಿದ್ದರೆ ಇಲ್ಲ ಎಂದು ಒಂದು ಸಾಲು ಬರೆಯಬಹುದು. ಪೋಸ್ಟ್ ಆಫೀಸಿನಲ್ಲಿ ಕೂತವರಿಗೆ ಒಂದು ಕಾರ್ಡು ಬರೆಯುವುದು ಕಷ್ಟವಲ್ಲ.

ಕಲಬುರಗಿಯಲ್ಲಿ ಭಾಗ್ಯಶ್ರೀ ಎಂಬ ಹುಡುಗಿ ಕಾಲೇಜಿನ ಕಾರ್ಯಕ್ರಮಗಳಲ್ಲಿ ಹಾಡುತ್ತಾಳೆ. ನಿಮ್ಮ ಟೇಕನ್ನು ಕೇಳಿಸಿ ಅದೇ ರೀತಿ ಹಾಡಿಸಬಹುದು ಎಂದು ಯೋಚಿಸುತ್ತಿದ್ದೇನೆ. 19ರಂದು ಮಜೀದ ಸಾಹೇಬರು ಅಂಗಡಿಯಲ್ಲಿ ಇರುತ್ತಾರೆ. ಅವತ್ತು ತೀರ್ಮಾನ.

ಅಮೃತಪ್ಪ


ಶಹಾಬಾದ
20 ಮೇ 2024

ಅಕ್ಕಾ,

ಮಾರ್ಚ್ 14ರಂದು ನಿಮ್ಮಲ್ಲಿ ಸಾವಾಗಿತ್ತು. ನಿನ್ನೆ ಮಜೀದ ಸಾಹೇಬರ ಅಂಗಡಿಯಲ್ಲಿ ಗೊತ್ತಾಯಿತು. ಯಾರು ಹೋದರು ಎಂದು ನೀವು ಬರೆದಿಲ್ಲ. ಕೆಮ್ಮಿನ ಮಾತು ನೆನಪಾಗಿ ನನಗೆ ಯಾರೆಂದು ತಿಳಿಯಿತು.

ನಡೆದದ್ದನ್ನು ಬರೆಯುತ್ತೇನೆ. ಅಂಗಡಿಯಲ್ಲಿ ಮದುವೆಯಿಂದ ವಾಪಸ್ ಬಂದ ದೊಡ್ಡ ಸ್ಪೀಕರ್ ಎರಡು ಇದ್ದವು. ನಿಮ್ಮ ಫೈಲನ್ನು ಅದರಲ್ಲೇ ಹಾಕಿದರು. ಅರ್ಧ ನಿಮಿಷ ಆಗುವಷ್ಟರಲ್ಲಿ ಒಳಗಿನಿಂದ ಅವರ ಹೆಂಡತಿ ಶಹರಬಾನು ಚಾಚಿ ಚಾದ ಟ್ರೇ ಹಿಡಿದುಕೊಂಡೇ ಬಂದು ನಿಂತರು.

"ಇದು ಯಾರ ಮನಿದು?" ಎಂದರು.

"ಹಾಡು, ಚಾಚಿ. ಆರನೇದು" ಎಂದೆ.

"ಹಾಡೇನೋ ಇದು? ಮೌತ್ ಆದ ಮನಿ ಇದು. ಹಿಂದ ಹೆಂಗಸರು ಅಳಾಕತ್ತಾರ, ಆರೇಳು ಮಂದಿ. ಬಂದ್ ಮಾಡ್ರಿ."

ಮಜೀದ ಸಾಹೇಬರು ನನ್ನ ಮುಖ ನೋಡಿದರು. "ಖರೇನೇ ಕೇಳ್ಸಲಿಲ್ಲೇನೋ ನಿನಗ?" ಎಂದರು. ಅವರು ಸ್ಪೀಕರ್ ಬಂದ್ ಮಾಡಿ, ಹೆಡ್‌ಫೋನ್ ಹಾಕಿಕೊಂಡು, ಕೇಳಿದ್ದನ್ನು ಕೇಳಿದ ಹಾಗೆ ಮದುವೆ ಆರ್ಡರಿನ ಪುಸ್ತಕದಲ್ಲಿ ಬರೆದು ಆ ಹಾಳೆ ಹರಿದು ಕೊಟ್ಟರು. ಅದರಲ್ಲಿ ಇರುವುದು ಇದು: ನಲವತ್ತನೇ ಸೆಕೆಂಡಿಗೆ ಬಾಗಿಲ ಚಿಲಕ. ಒಂದು ನಿಮಿಷ ಹದಿನೈದಕ್ಕೆ ಒಬ್ಬ ಮುದುಕಿ, "ನೀ ಯಾಕ ಇಷ್ಟು ಅಳ್ತೀವಾ, ಆಕಿ ನಿನಗೇನಾಗಬೇಕು?" ಮೂರು ನಿಮಿಷ ಎರಡಕ್ಕೆ ಗಂಡಸರು ಹೆಣ ಹೊರಲು ಇನ್ನೊಂದು ಬಿದಿರು ಕೇಳುತ್ತಾರೆ. ಆರು ನಿಮಿಷ ಐವತ್ತಕ್ಕೆ, "ಏಳ್ರಿ, ಎತ್ತಬೇಕು." ಆಮೇಲೆ ಎಲ್ಲರೂ ಒಮ್ಮೆಲೇ.

ನಾನು ಫ್ಯಾನ್ ಎಂದು ಬರೆದದ್ದು ಅದನ್ನು. ಮೂರನೇ ನಿಮಿಷದಲ್ಲಿ ನೀರು ಕುಡಿಯಿರಿ ಎಂದು ಬರೆದದ್ದು ಬಿದಿರು ಕೇಳಿದ ಹೊತ್ತಿಗೆ.

ಇನ್ನೊಂದು ಸಂಗತಿಯನ್ನು ನಾನು ಬರೆದಿರಲಿಲ್ಲ. ನನ್ನ ಎಡಗಿವಿ ಕೇಳುವುದಿಲ್ಲ. ಬಲಗಿವಿಗೆ ಸಣ್ಣ ಸದ್ದು ಬೀಳುವುದಿಲ್ಲ. ಒಂಬತ್ತು ವರ್ಷ ಮೆಷಿನ್ನಿನ ಪಕ್ಕ ನಿಂತದ್ದು. ಫೆಬ್ರುವರಿ ಕೊನೆಗೆ ಒಂದು ಕಲ್ಲಿನ ಹಲಗೆ ಜಾರಿತು, ಹಿಂದಿನಿಂದ ಮೂರು ಜನ ಕೂಗಿದರಂತೆ, ನಾನು ಕದಲಲಿಲ್ಲ. ಕಾಲಿನಿಂದ ಗೇಣು ದೂರದಲ್ಲಿ ಬಿತ್ತು. ಗೇಟಿಗೆ ಹಾಕಿದ್ದು ಅದಕ್ಕೆ. ನೀವು ಫೋನ್ ಬೇಡ ಎಂದಾಗ ನನಗೆ ಸಮಾಧಾನವಾಗಿತ್ತು, ಫೋನಿನಲ್ಲಿ ನನಗೆ ಅರ್ಧ ಮಾತು ತಿಳಿಯುವುದಿಲ್ಲ. ಜೋರಾಗಿ ಎಂದು ಪ್ರತಿ ಸಲ ಬರೆದದ್ದೂ ಅದಕ್ಕೇ. ಭೀಮಬಾಯಿ ಅತ್ತಿ ಫೆಬ್ರುವರಿಯಲ್ಲೇ ಸರಿಯಾಗಿ ಹೇಳಿದ್ದರು.

ಮೇ 2ರ ಪತ್ರವನ್ನು ಹರಿದುಹಾಕಿ. ಭಾಗ್ಯಶ್ರೀಗೆ ಫೈಲು ಕೇಳಿಸಿಲ್ಲ, ಯಾರಿಗೂ ಕೊಟ್ಟಿಲ್ಲ. ಅದನ್ನು ಏನು ಮಾಡಬೇಕು, ನೀವು ಹೇಳಿದಂತೆ. ಆಲ್ಬಮ್ ನಿಲ್ಲಿಸು ಎಂದರೆ ನಿಲ್ಲಿಸುತ್ತೇನೆ.

ಅಮೃತಪ್ಪ


ಐನಾಪುರ
29 ಮೇ 2024

ತಮ್ಮ ಅಮೃತಪ್ಪನಿಗೆ, ಶರಣು.

ಭೀಮಬಾಯಿ ಮಾರ್ಚ್ 14ರಂದು, ಗುರುವಾರ, ಬೆಳಗಿನ ಜಾವ ತೀರಿಕೊಂಡಳು. ಹಿಂದಿನ ದಿನ ಸಂಜೆ, "ನಾಳೆ ಕೆಮ್ಮು ಬರಲಿ ಬಿಡಲಿ, ಆ ಹುಡುಗನ ಕೆಲಸ ಮುಗಸೇ ಬಿಡೋಣು" ಎಂದಿದ್ದಳು. ಅವತ್ತು ಒಂದು ರಾತ್ರಿ ತನ್ನ ಮನೆಯಲ್ಲೇ ಮಲಗಿದಳು, ಕೆಮ್ಮಿನಿಂದ ನನಗೆ ನಿದ್ದೆ ಕೆಡಬಾರದೆಂದು. ಬೆಳಿಗ್ಗೆ ನಾನು ನಿನ್ನ ಫೋನಿನಲ್ಲಿ ರೆಕಾರ್ಡಿಂಗ್ ಚಾಲೂ ಮಾಡಿ, ಅದನ್ನು ಕೈಯಲ್ಲಿ ಹಿಡಿದುಕೊಂಡೇ ಕರೆಯಲು ಹೋದೆ. ಆಮೇಲೆ ಅದನ್ನು ಬಂದ್ ಮಾಡಬೇಕೆಂದು ನೆನಪಾಗಲಿಲ್ಲ. ಅದು ಮಧ್ಯಾಹ್ನದವರೆಗೆ ನಡೆದಿತ್ತು. ಏಳು ನಿಮಿಷ ಹನ್ನೆರಡು ಸೆಕೆಂಡನ್ನು ಉಳಿಸಿಕೊಂಡು ಮಿಕ್ಕದ್ದನ್ನು ನಾನೇ ಅಳಿಸಿದೆ.

ನಮ್ಮಲ್ಲಿ ಹೆಂಗಸರು ಹೆಣದ ಮುಂದೆ ಕೂತು ಹಾಡ್ಯಾಡಿ ಅಳುತ್ತಾರೆ. ಅವ್ವ ಇದ್ದರೆ ಅವ್ವಾ ಎಂದು, ಅತ್ತೆ ಇದ್ದರೆ ಅತ್ತೀ ಎಂದು ಕರೆದು ಅಳಬೇಕು. ಭೀಮಬಾಯಿ ನನಗೆ ಏನೂ ಆಗಬೇಕಿರಲಿಲ್ಲ. ಗೋಡೆಯ ಆಚೆಯವಳು, ಅಷ್ಟೆ. ಜೋಡಿ ಎಂದು ಕರೆದೆ. ಬೇರೆ ಶಬ್ದ ಸಿಗಲಿಲ್ಲ. ಸೇಡಂನಿಂದ ಅವಳ ಅಣ್ಣನ ಮಗ ಸಂಗಣ್ಣ ಬಂದು ಮಣ್ಣು ಮಾಡಿದ, ಮೂರನೇ ದಿನ ಮನೆಗೆ ಕೀಲಿ ಹಾಕಿ ಹೋದ. ಕೆಂಪು ಕೌದಿಯನ್ನು ಕೇಳಬೇಕೆಂದಿದ್ದೆ. ಕೇಳಲು ನಾನು ಯಾರು?

ನಿನಗೆ ಯಾಕೆ ಬರೆದು ಹೇಳಲಿಲ್ಲ ಎಂದರೆ, ಬರೆಯಲು ಕೂತರೆ ಆಗಲಿಲ್ಲ. ಕೇಳಿದರೆ ತಿಳಿಯುತ್ತದೆ ಎಂದುಕೊಂಡೆ. ನೀನು ದನಿಯ ಬಗ್ಗೆ ಇಷ್ಟೆಲ್ಲ ಬರೆಯುತ್ತಿದ್ದವನು. ಮಾರ್ಚ್ 26ರ ಪತ್ರ ಬಂದಾಗ ಆಫೀಸಿನಲ್ಲಿ ಜನ ಇದ್ದರು. ಒಡೆದು ಓದಿ, ಮಡಚಿ, ಮೂರು ಪಾಸ್‌ಬುಕ್ಕಿಗೆ ಮುದ್ರೆ ಹೊಡೆದೆ. ಕಿವಿಯ ಸಂಗತಿಯನ್ನು ನೀನು ಮುಂಚೆಯೇ ಬರೆದಿದ್ದರೆ ಆ ಪತ್ರವನ್ನು ಬೇರೆ ರೀತಿ ಓದುತ್ತಿದ್ದೆ. ಗೇಟಿನ ಕೆಲಸಕ್ಕೆ ಒಳ್ಳೆಯದಾಯಿತು ಎಂದು ನಾನು ಬರೆದೆ. ಇಬ್ಬರದೂ ತಪ್ಪಿದೆ.

ಇನ್ನು ಎರಡನೇ ಟೇಕಿನ ವಿಷಯ. ಅಳುವ ಹಾಡನ್ನು ಹೆಣ ಎತ್ತಿದ ಮೇಲೆ ಮತ್ತೆ ಹಾಡುವುದಿಲ್ಲ. ಕಲಿಯುವುದಕ್ಕೂ ಹಾಡುವುದಿಲ್ಲ, ಕಲಿಸುವುದಕ್ಕೂ ಇಲ್ಲ. ನಾನು ಸಣ್ಣವಳಿದ್ದಾಗ ಆಟದಲ್ಲಿ ಹಾಗೆ ದನಿ ತೆಗೆದದ್ದಕ್ಕೆ ಅವ್ವ ಬಾಯಿಗೆ ಹೊಡೆದಿದ್ದಳು.

ಆದರೂ ಹಾಡಿದ್ದೇನೆ. ಏಪ್ರಿಲ್ 7, ಭಾನುವಾರ, ಮಧ್ಯಾಹ್ನ. ಬಾಗಿಲು ಹಾಕಿ, ಫ್ಯಾನ್ ಬಂದ್ ಮಾಡಿ, ನಿನ್ನ ತಾಳವನ್ನು ಕಿವಿಯಲ್ಲಿ ಇಟ್ಟುಕೊಂಡೆ. ಕೇಳಿದ ಕೆಲಸ ಮಾಡದಿದ್ದರೆ ಪತ್ರ ನಿಂತುಹೋಗುತ್ತದೆ ಎಂದು ಅನ್ನಿಸಿತ್ತು. ಆ ಹಾಡಿಗೆ ಒಂದು ಹೆಸರು ಬೇಕು, ಹೆಸರಿಲ್ಲದೆ ದನಿ ಏಳುವುದಿಲ್ಲ. ಭೀಮಬಾಯಿಗಾಗಿ ಒಮ್ಮೆ ಅತ್ತಾಗಿತ್ತು. ಊರಿನಲ್ಲಿ ಬದುಕಿರುವವರ ಹೆಸರು ತೆಗೆದುಕೊಳ್ಳಬಾರದು. ಗುರವ್ವಾ ಎಂದು ನನ್ನ ಹೆಸರನ್ನೇ ಕರೆದು ಅತ್ತೆ. ಬೇಡ ಎನ್ನುವವರು ಯಾರೂ ಇರಲಿಲ್ಲ. ನನಗಾಗಿ ಹಾಡ್ಯಾಡಿ ಅಳುವ ಹೆಂಗಸು ಇದ್ದವಳು ಒಬ್ಬಳೇ, ಅವಳು ಮೊದಲು ಹೋದಳು.

ನಲವತ್ತಾರು ಸೆಕೆಂಡು ಬಂದಿದೆ. ತಾಳ ತಪ್ಪಿಲ್ಲ. ಹಾಡಿದ ಮೇಲೆ ಕಳಿಸಲು ಕೈ ಬರಲಿಲ್ಲ, ಡಬ್ಬಿಯಲ್ಲಿ ಇಟ್ಟಿದ್ದೆ. ಈಗ ಕಳಿಸುತ್ತಿದ್ದೇನೆ. ಇದನ್ನು ಹಾಕಿಕೋ. ಮೊದಲನೆಯದನ್ನು ವಾಪಸ್ ಕಳಿಸು, ಅದು ಭೀಮಬಾಯಿಯದು. ಆಲ್ಬಮ್ ನಿಲ್ಲಿಸಬೇಡ. ಅವಳ ಐದು ಹಾಡು ಅದರಲ್ಲಿವೆ.

ಸಂಜೆ ಈಗಲೂ ಎರಡು ಬಸಿ ಹೊರಗೆ ತೆಗೆಯುತ್ತೇನೆ. ಒಂದನ್ನು ತಿರುಗಿ ಇಡುತ್ತೇನೆ.

ಗುರುಲಿಂಗಮ್ಮ


ಶಹಾಬಾದ
8 ಜೂನ್ 2024

ಅಕ್ಕಾ, ಶರಣು.

ಎರಡನೇ ಟೇಕನ್ನು ಆಲ್ಬಮ್ಮಿಗೆ ಹಾಕುವುದಿಲ್ಲ. ಬೇಡ ಎಂದವರು ಮೊದಲು ಶಹರಬಾನು ಚಾಚಿ, ಆಮೇಲೆ ಮಜೀದ ಸಾಹೇಬರು, ಕೊನೆಗೆ ನಾನು. ಟೇಕಿನಲ್ಲಿ ತಪ್ಪೇನೂ ಇಲ್ಲ. ಬಲಗಿವಿಯನ್ನು ಸ್ಪೀಕರಿಗೆ ಇಟ್ಟು ಮೂರು ಸಲ ಕೇಳಿದೆ. ಹೆಸರು ಕರೆದದ್ದು ಕೇಳಿಸಿತು.

ಮೊದಲ ಟೇಕಿನ ಕಾರ್ಡು ಇದರ ಜೊತೆ ಇದೆ. ನನ್ನ ಕಂಪ್ಯೂಟರಿನಲ್ಲೂ ಅಂಗಡಿಯದರಲ್ಲೂ ಇದ್ದ ಪ್ರತಿಗಳನ್ನು ಅಳಿಸಿದ್ದೇವೆ. ಮಜೀದ ಸಾಹೇಬರು ಬರೆದುಕೊಟ್ಟ ಹಾಳೆಯನ್ನೂ ಇಟ್ಟಿದ್ದೇನೆ.

ನಿಮ್ಮ ಪತ್ರವನ್ನು ಅವರಿಬ್ಬರಿಗೂ ಓದಿ ಹೇಳಿದೆ, ಕೇಳದೆ ಓದಿದ್ದಕ್ಕೆ ಬೈಯಿರಿ. ಚಾಚಿಯ ತವರು ಸೇಡಂ ಕಡೆಯ ಹಳ್ಳಿ. ಅವರು ಸಣ್ಣವರಿದ್ದಾಗ ಹೈದರಾಬಾದಿನಲ್ಲಿ ಒಬ್ಬ ಸತ್ತನೆಂದು ಸುದ್ದಿ ಬಂತಂತೆ, ಮನೆಯ ಹೆಂಗಸರೆಲ್ಲ ಹಾಡ್ಯಾಡಿ ಅತ್ತರಂತೆ. ಮೂರನೇ ದಿನ ಆ ಮನುಷ್ಯ ಚೀಲ ಹೆಗಲಿಗೆ ಹಾಕಿಕೊಂಡು ನಡೆದು ಬಂದನಂತೆ. ಮುಂದಿನದನ್ನು ಚಾಚಿಯ ಮಾತಿನಲ್ಲೇ ಬರೆಯುತ್ತೇನೆ:

"ಯಾರೂ ಅವನ್ನ ಮುಟ್ಟಲಿಲ್ಲ ನೋಡಪಾ. ನಮ್ಮಜ್ಜಿ ಬಾಗಲಾಗ ನಿಂತು ಅವನ ಹೆಸರು ಕರದಳು. ಓ ಅಂದ. ಮತ್ತ ಕರದಳು. ಓ ಅಂದ. ಮೂರು ಸಲ ಆದ ಮ್ಯಾಲ ಹೋಗಿ ಕೈ ಹಿಡಕೊಂಡು ಒಳಗ ತಂದಳು. ಜೀವಂತ ಇದ್ದವರ ಹೆಸರ್ಲೆ ಅತ್ತರ ಅದನ್ನ ಹಂಗೇ ಬಿಡಬಾರದು. ಯಾರರ ಕರೀಬೇಕು, ಅವರು ಓ ಅನಬೇಕು. ಐನಾಪುರದ ಆ ಹುಡುಗಿಗಿ ಯಾರು ಕರದಾರ? ಎರಡು ತಿಂಗಳಾತಲ್ಲೋ."

"ಕರೆಯಲು ಸಂಬಂಧಿಕರೇ ಆಗಬೇಕೇನು, ಚಾಚಿ?" ಎಂದು ಕೇಳಿದೆ.

"ಬಾಯಿ ಇದ್ರ ಸಾಕು. ನಿನಗ ಬಾಯೇನು ಕಮ್ಮಿ ಅದ?" ಎಂದರು. ಮಜೀದ ಸಾಹೇಬರು, "ಕಿವಿ ಕಮ್ಮಿ ಅದ, ಜೋರ್ಲೆ ಓ ಅನ್ನಂತ ಬರಿ ಆ ಅಕ್ಕಗ" ಎಂದರು.

ಏಳು ಮತ್ತು ಎಂಟನೇ ಹಾಡಿಗೆ ನಿಮ್ಮ ಒಂದೇ ದನಿ ಸಾಕು, ಎರಡನೆಯದನ್ನು ಯಾರಿಂದಲೂ ಹಾಡಿಸುವುದಿಲ್ಲ. ಆರನೇ ಹಾಡಿನಲ್ಲಿ ನಲವತ್ತೈದು ಸೆಕೆಂಡು ಈಗಲೂ ಖಾಲಿ ಇದೆ. ಅದಕ್ಕೆ ಮುಂಚಿನ ನನ್ನ ಸಾಲು ನಿಮಗೆ ಗೊತ್ತಿದೆ: ಕರೀತೀನಿ, ಓ ಅನ್ನೋರು ಯಾರದಾರ ಈ ಕಡಿಗಿ. ಫೋನನ್ನು ಚಾಲೂ ಮಾಡಿ ಇಡುವುದೋ ಬಿಡುವುದೋ ನಿಮ್ಮ ಇಷ್ಟ. ನಾನು ಮೈಕು ತರುವುದಿಲ್ಲ. ಜೂನ್ 30 ತಪ್ಪಿದರೆ ತಪ್ಪಲಿ ಎಂದು ಮಜೀದ ಸಾಹೇಬರೇ ಹೇಳಿದ್ದಾರೆ.

ಇದೇ 16, ಭಾನುವಾರ, ಗೇಟಿನ ಕೆಲಸಕ್ಕೆ ರಜೆ ಬರೆದುಕೊಟ್ಟಿದ್ದೇನೆ. ಬೆಳಿಗ್ಗೆ ಆರೂವರೆಗೆ ಬಸ್ಸು. ಚಿತ್ತಾಪುರ, ಸೇಡಂ ದಾಟಿ ಚಿಂಚೋಳಿ, ಅಲ್ಲಿಂದ ಐನಾಪುರ, ಸುಮಾರು ಹನ್ನೊಂದೂವರೆ. ಒಳಗೆ ಬರುವುದಿಲ್ಲ. ಬಾಗಿಲಲ್ಲಿ ನಿಂತು ಮೂರು ಸಲ ಹೆಸರು ಕರೆಯುತ್ತೇನೆ. ನೀವು ನನ್ನ ಬಲಗಡೆ ನಿಂತು ಉತ್ತರ ಕೊಡಿ.

ಅಮೃತಪ್ಪ